ಮೆಟ್ಟಿಲ ಮೇಲೆ ಪರೀಕ್ಷೆ

ಇಷ್ಟೆಲ್ಲ ರಾದ್ಧಾಂತಕ್ಕೆ ಮೂಲ ಕಾರಣ ಹಲ್ಲು. ಅದೂ ಮೇಷ್ಟ್ರ ಹಲ್ಲಲ್ಲ, ಬೇರೆಯವರದು.

ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಕೆಂಪಿಂಕು ಮೇಷ್ಟ್ರು ಐದನೇ ಮಹಡಿಯಿಂದ ತೊಂಬತ್ತು ಮೆಟ್ಟಿಲು ಇಳಿದು ಬಂದು, ಪೇಪರು ಎತ್ತಿಕೊಂಡು, ಮತ್ತೆ ತೊಂಬತ್ತು ಹತ್ತುವುದಕ್ಕೆ ಉಸಿರು ಕೂಡಿಸಿಕೊಳ್ಳುತ್ತ ನಿಂತಿದ್ದರು. ನಿಂತದ್ದು ನಿಲ್ಲಬಾರದ ಜಾಗದಲ್ಲಿ. ಒಂದನೇ ನಂಬರ್ ಮನೆಯ ಕಿಟಕಿ ಮೆಟ್ಟಿಲ ಬುಡಕ್ಕೇ ತೆರೆದುಕೊಳ್ಳುತ್ತದೆ. ಅದರ ಸರಳುಗಳ ಹಿಂದೆ ಬೆಳಗಿನಿಂದ ಸಂಜೆಯವರೆಗೆ ಒಬ್ಬರು ಅಜ್ಜಿ ಕೂತಿರುತ್ತಾರೆ. ಕಟ್ಟಡದ ಹದಿನೆಂಟು ಮನೆಗಳಿಗೂ ಅವರು ಕಿಟಕಿ ಅಜ್ಜಿ.

"ಸಂಜೆ ಓಟು ಯಾರಿಗೆ ಅಜ್ಜಿ?" ಮೇಷ್ಟ್ರು ಮಾತಿಗೆ ಮಾತು ಎಂದು ಕೇಳಿದರು.

"ಹಲ್ಲು ಡಾಕ್ಟ್ರಿಗೆ."

"ಯಾಕೆ?"

"ಅವನ ಹಲ್ಲು ನೋಡಿ, ಎಷ್ಟು ಚೆನ್ನಾಗಿದೆ! ನಕ್ಕರೆ ಮೆಟ್ಟಿಲಿಗೆ ಬಲ್ಬೇ ಬೇಡ."

ಮೇಷ್ಟ್ರಿಗೆ ಅಂಗಾಲಿನಲ್ಲಿ ಹತ್ತಿದ ಉರಿ ನೆತ್ತಿಗೇರಿತು. ಏರದೆ ಏನು ಮಾಡೀತು? ಅವರು ದಿನಕ್ಕೆ ಎರಡು ಪೇಪರು ಓದುವವರು. ಶಾಲೆಯಲ್ಲಿ ಇಪ್ಪತ್ತೆರಡು ವರ್ಷ ಭೂಗೋಳ ಕಲಿಸಿದವರು. ಕೆಂಪು ಇಂಕಿನ ಪೆನ್ನು ಜೇಬಿನಲ್ಲಿಲ್ಲದೆ ಹೊಸಲು ದಾಟದವರು. ಅಂಗಡಿ ಬೋರ್ಡು, ಔಷಧಿ ಚೀಟಿ, ಬಸ್ಸಿನ ಟಿಕೆಟ್ಟು, ತಪ್ಪು ಕಂಡರೆ ಯಾವುದನ್ನೂ ಬಿಟ್ಟವರಲ್ಲ. ಮದುವೆಗೆ ಮುಂಚೆ ಹೆಂಡತಿ ಬರೆದ ಮೊದಲ ಪತ್ರವನ್ನು ತಿದ್ದಿ, ಹತ್ತಕ್ಕೆ ಏಳೂವರೆ ಕೊಟ್ಟು ವಾಪಸ್ ಕಳಿಸಿದ್ದರು. ಅಂಥವರದ್ದೂ ಒಂದೇ ಓಟು, ಹಲ್ಲು ನೋಡಿ ಆರಿಸುವ ಅಜ್ಜಿಯದ್ದೂ ಒಂದೇ ಓಟು!

"ಹಲ್ಲು ನೋಡಿ ಓಟು ಹಾಕ್ತಾರಂತೆ! ಏನೂ ತಿಳಿಯದೋರಿಗೆಲ್ಲ ಓಟು ಕೊಟ್ಟರೆ ಇನ್ನೇನಾಗುತ್ತೆ?" ಎಂದು ಗೊಣಗುತ್ತ ಮೆಟ್ಟಿಲೇರಿದರು. ಎರಡನೇ ಮಹಡಿ ದಾಟಿದ ಮೇಲೆ ಅಜ್ಜಿಗೆ ಕೇಳಿಸುವುದಿಲ್ಲ ಎಂಬ ಧೈರ್ಯದಲ್ಲಿ ಗೊಣಗಾಟ ಕೂಗಾಯಿತು. ಆದರೆ ಮೆಟ್ಟಿಲುಗಳ ನಡುವೆ ಮೇಲಿಂದ ಕೆಳಗಿನವರೆಗೆ ಬಾವಿಯಂಥ ಖಾಲಿ ಜಾಗವಿದೆ. ಮೇಲೆ ಆಡಿದ ಮಾತು ಕೆಳಗೆ ಕಿಟಕಿಗೇ ಬಂದು ಬೀಳುತ್ತದೆ. ಭೂಗೋಳದ ಮೇಷ್ಟ್ರಿಗೆ ಇಷ್ಟು ಭೂಗೋಳ ಗೊತ್ತಿರಲಿಲ್ಲ.

ಮನೆಯಲ್ಲಿ ಅಮ್ಮ ಬಾಲ್ಕನಿಯ ಕುರ್ಚಿಯಲ್ಲಿ ಕೂತು ಕೆಳಗಿನ ರಸ್ತೆ ನೋಡುತ್ತಿದ್ದರು. ಅವರ ಮಂಡಿ ಕೈಕೊಟ್ಟ ಮಾರನೇ ತಿಂಗಳಿಗೇ ಲಿಫ್ಟೂ ಕೆಟ್ಟು ನಿಂತಿತ್ತು. ಅಲ್ಲಿಂದೀಚೆಗೆ ಅವರು ಕೆಳಗಿಳಿದಿಲ್ಲ. ಏನಾದರೂ ಬೇಕಾದರೆ ಮೆಟ್ಟಿಲ ಬಾವಿಯೊಳಗೆ ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತಿದ್ದರು, ಯಾರಾದರೂ ತುಂಬಿಸಿ ಕಳಿಸುತ್ತಿದ್ದರು.

"ಹನ್ನೊಂದು ತಿಂಗಳಾಯ್ತು ಕಣೋ ನೆಲ ಮುಟ್ಟಿ," ಎಂದರು ಅಮ್ಮ. "ಆ ಎದುರಿನ ಮರದ ತಲೆ ಮಾತ್ರ ನೋಡಿ ನೋಡಿ ಸಾಕಾಯ್ತು. ಅದರ ಬುಡ ಹೇಗಿತ್ತು ಅನ್ನೋದೇ ಮರೆತುಹೋಗಿದೆ."

"ಇವತ್ತೊಂದಿನ ತಡ್ಕೋ ಅಮ್ಮ. ಸಂಜೆ ಅನೌನ್ಸರ್ ಗೆದ್ದರೆ ನಾಳೆನೇ ಲಿಫ್ಟಿನೋರಿಗೆ ಹೇಳಿಕಳಿಸ್ತಾರೆ."

ಕಟ್ಟಡದ ಸಂಘದ ಅಧ್ಯಕ್ಷ ಸ್ಥಾನಕ್ಕೆ ಇದ್ದವರು ಇಬ್ಬರೇ, ಇಬ್ಬರೂ ನೆಲಮಹಡಿಯವರು. ಎರಡನೇ ನಂಬರಿನ ಹಲ್ಲು ಡಾಕ್ಟರು ಆರು ವರ್ಷದಿಂದ ಅಧ್ಯಕ್ಷರು. ಅವರ ಕ್ಲಿನಿಕ್ಕಿನ ಗೋಡೆಯ ಆಚೆಗೇ ಲಿಫ್ಟು. ಅದು ಓಡಿದರೆ ಕುರ್ಚಿ ಅದುರುತ್ತದೆ, ಕೈ ಜಾರಿ ಪಕ್ಕದ ಹಲ್ಲು ಬಂದುಬಿಡುತ್ತದೆ ಎಂಬುದು ಅವರ ಭಯ. ಅದಕ್ಕೇ ಲಿಫ್ಟಿನ ಮಾತೆತ್ತಿದರೆ "ನೋಡೋಣ" ಎಂದು ನಗುತ್ತಿದ್ದರು. ಮೂರನೇ ನಂಬರಿನ ಅನೌನ್ಸರು ರೈಲ್ವೆ ಸ್ಟೇಷನ್ನಿನಲ್ಲಿ ಮೂವತ್ತು ವರ್ಷ ಮೈಕಿನ ಮುಂದೆ ಕೂತು ನಿವೃತ್ತರಾದವರು. ಲಿಫ್ಟಿನೊಳಗೆ "ಮೂರನೇ ಮಹಡಿ, ಬಾಗಿಲು ತೆರೆಯುತ್ತಿದೆ" ಎಂದು ತಮ್ಮ ದನಿ ಕೇಳಿಸಬೇಕು ಎಂಬುದು ಅವರ ಬಾಳಿನ ಕೊನೆಯ ಆಸೆ.

"ಆ ಅನೌನ್ಸರ್ ಹಿಂದೆ ಬೀಳೋ ಬದಲು ನೀವೇ ನಿಲ್ಬಹುದಿತ್ತಲ್ರೀ," ಎಂದರು ಹೆಂಡತಿ.

"ನಿಯಮ ಹದಿನಾಲ್ಕು ಓದಿದ್ದೀಯಾ?"

"ಇಲ್ಲ."

"ನೋಡು! ಇದಕ್ಕೇ ನಾನು ಹೇಳೋದು!" ಎಂದು ಮೇಷ್ಟ್ರು ಎದ್ದು ನಿಂತರು. ತಲೆಯಲ್ಲಿ ಒಂದು ಭಾರೀ ಯೋಚನೆ ಹೊಳೆದಿತ್ತು. "ಇವತ್ತು ಓಟಿಗೆ ಮುಂಚೆ ಎಲ್ಲರಿಗೂ ಒಂದು ಪರೀಕ್ಷೆ ಇಡಿಸ್ತೀನಿ. ಪಾಸಾದೋರಿಗೆ ಮಾತ್ರ ಓಟು!"

ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. "ರೀ, ನಲವತ್ತು ಓಟಲ್ಲಿ ಇಪ್ಪತ್ನಾಲ್ಕು ಮೇಲಿನ ಮಹಡಿಗಳದ್ದು. ಎಲ್ಲರಿಗೂ ಲಿಫ್ಟ್ ಬೇಕು. ಸುಮ್ಮನೆ ಕೂತರೂ ಗೆಲ್ತೀವಿ. ಬೇಲೀಲಿ ಹೋಗೋ ಓತಿಕ್ಯಾತನ್ನ ಮೈಮೇಲೆ ಯಾಕೆ ಬಿಟ್ಕೋತೀರಾ?"

"ಬರೀ ಗೆದ್ದರೆ ಸಾಲದು ಕಣೇ. ತಿಳಿದು ಗೆಲ್ಲಬೇಕು."

ಹತ್ತು ಗಂಟೆಗೆ ಮೆಟ್ಟಿಲ ಬುಡದಲ್ಲಿ ಸಭೆ ಸೇರಿತು. ಮೇಷ್ಟ್ರು ಮೂರನೇ ಮೆಟ್ಟಿಲ ಮೇಲೆ ನಿಂತು ಕೈಯೆತ್ತಿದರು.

"ಗಾಡಿ ಓಡಿಸೋಕೆ ಲೈಸೆನ್ಸ್ ಬೇಕು. ಸೂಜಿ ಚುಚ್ಚೋಕೆ ಓದಿರ್ಬೇಕು. ನಮ್ಮೆಲ್ಲರ ತಲೆ ಮೇಲೆ ಕೂರೋ ಅಧ್ಯಕ್ಷರನ್ನ ಆರಿಸೋಕೆ ಮಾತ್ರ ಏನೂ ಗೊತ್ತಿರ್ಬೇಕಾಗಿಲ್ವಾ? ಒಬ್ಬರು ಹಲ್ಲು ನೋಡಿ ಹಾಕ್ತಾರೆ, ಇನ್ನೊಬ್ಬರು ಅಂಗಿ ನೋಡಿ ಹಾಕ್ತಾರೆ. ಅವರು ಮಾಡಿದ ತಪ್ಪಿಗೆ ನಾವು ಮೂರು ವರ್ಷ ಮೆಟ್ಟಿಲು ಹತ್ತಬೇಕಾ?"

ಚಪ್ಪಾಳೆಯೋ ಚಪ್ಪಾಳೆ! ಅಡ್ಡಮಾತು ಬಂದದ್ದು ಒಬ್ಬರಿಂದ ಮಾತ್ರ, ಮೊದಲನೇ ಮಹಡಿಯ ಟೈಲರಮ್ಮನಿಂದ.

"ಮೇಷ್ಟ್ರೇ, ನನಗೆ ಹೊಲಿಯೋಕೆ ಬರುತ್ತೆ. ಆದರೆ ಬಟ್ಟೆ ಎಲ್ಲಿ ಬಿಗಿ ಅನ್ನೋದನ್ನ ಹಾಕ್ಕೊಂಡೋರನ್ನೇ ಕೇಳ್ಬೇಕು. ನಿಮಗೆ ಕತ್ತರಿ ಹಿಡಿಯೋಕೆ ಬರುತ್ತಾ ಅಂತ ಅವರನ್ನ ಕೇಳ್ತಾ ಕೂತ್ರೆ ಅಂಗಡಿ ಮುಚ್ಚಬೇಕಾಗುತ್ತೆ."

"ಅಮ್ಮಾ, ಇದು ಅಂಗಿ ವಿಷಯ ಅಲ್ಲ, ಆಡಳಿತದ ವಿಷಯ," ಎಂದರು ಮೇಷ್ಟ್ರು. ಎಲ್ಲರೂ ನಕ್ಕರು.

ನಿರ್ಣಯವನ್ನು ಮೇಷ್ಟ್ರೇ ಬರೆದರು. ಹತ್ತು ಪ್ರಶ್ನೆ, ಪಾಸಾಗಲು ಆರು ಅಂಕ. ಬರೆಯುವ ಹುರುಪಿನಲ್ಲಿ ಕೊನೆಗೆ ಇನ್ನೊಂದು ಸಾಲೂ ಸೇರಿಸಿದರು: 'ಇನ್ನು ಮೂರು ವರ್ಷ ಈ ಕಟ್ಟಡದ ಯಾವ ತೀರ್ಮಾನಕ್ಕೂ ಪಾಸಾದವರು ಮಾತ್ರ ಕೈಯೆತ್ತತಕ್ಕದ್ದು.' ಓದಿ ಹೇಳಿದ್ದೇ ತಡ, ಎಲ್ಲ ಕೈಗಳೂ ಮೇಲೆದ್ದವು. ಪ್ರತಿಯೊಬ್ಬರೂ ಪಕ್ಕದವರ ಮುಖ ನೋಡಿ, ಇವನ ಕತೆ ಮುಗೀತು ಎಂದುಕೊಳ್ಳುತ್ತ ಕೈಯೆತ್ತಿದ್ದರು.

"ಒಂದು ಸಣ್ಣ ಮಾತು," ಎಂದು ಹಲ್ಲು ಡಾಕ್ಟರು ಮೂವತ್ತೆರಡೂ ಹಲ್ಲು ಕಾಣುವಂತೆ ನಕ್ಕರು. "ಪ್ರಶ್ನೆಪತ್ರಿಕೆ ತಯಾರಿಸಿದೋರು ಪರೀಕ್ಷೆ ಬರೆಯೋ ಹಾಗಿಲ್ಲ ಅಲ್ವಾ ಮೇಷ್ಟ್ರೇ? ಬರೆಯದೋರಿಗೆ ಓಟೂ ಇಲ್ಲ."

ಮೇಷ್ಟ್ರು ಒಂದು ಗಳಿಗೆ ತಡವರಿಸಿದರು. ಆದರೆ ಮೂವತ್ತೆಂಟು ಜನ ನೋಡುತ್ತಿದ್ದರು. "ಸರಿ, ನನ್ನ ಓಟು ಬಿಟ್ಟುಕೊಟ್ಟೆ!" ಎಂದರು. ಮತ್ತೆ ಚಪ್ಪಾಳೆ. ಮೇಷ್ಟ್ರಿಗೆ ಖುಷಿಯಿಂದ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ.

ಹನ್ನೊಂದಕ್ಕೆ ಪರೀಕ್ಷೆ ಶುರುವಾಯಿತು. ಕಾಪಿ ಹೊಡೆಯದಂತೆ ಮೇಷ್ಟ್ರು ಎರಡು ಮೆಟ್ಟಿಲಿಗೆ ಒಬ್ಬರಂತೆ ಕೂರಿಸಿದರು. ನಾಲ್ಕು ಮಹಡಿಯುದ್ದಕ್ಕೂ ಗಂಡಸರು, ಹೆಂಗಸರು, ಮುದುಕರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಕೂತರು. ಮೊದಲನೇ ಪ್ರಶ್ನೆಯೇ ಗದ್ದಲ ಎಬ್ಬಿಸಿತು: 'ನೆಲದಿಂದ ಐದನೇ ಮಹಡಿಗೆ ಎಷ್ಟು ಮೆಟ್ಟಿಲು?' ಮೂವತ್ತು ಚಿಲ್ಲರೆ ತಲೆಗಳು ಒಟ್ಟಿಗೇ ಹಿಂದಕ್ಕೆ ತಿರುಗಿದವು.

"ಎಣಿಸಬೇಡಿ! ಮುಂದೆ ನೋಡಿ! ಏಯ್, ಏಳನೇ ಮೆಟ್ಟಿಲು! ಬೆರಳು ಮಡಿಸಿ!"

"ಮೇಷ್ಟ್ರೇ, ಮೇಲೆ ಹತ್ತುವಾಗ ಉಸಿರು ಹಿಡಿಯೋದೇ ಕಷ್ಟ, ಲೆಕ್ಕ ಯಾರು ಹಿಡೀತಾರೆ?" ಎಂದರು ನಾಲ್ಕನೇ ಮಹಡಿಯ ಹೆಂಗಸು ಅಳುದನಿಯಲ್ಲಿ.

"ದಯವಿಟ್ಟು ಗಮನಿಸಿ," ಎಂದು ಅನೌನ್ಸರು ಅಭ್ಯಾಸಬಲದಿಂದ ದೊಡ್ಡ ಗಂಟಲಲ್ಲಿ ಶುರುಮಾಡಿದರು, "ಮೂರನೇ ಪ್ರಶ್ನೆಯ ಉತ್ತರ..."

"ಸುಮ್ಮನಿರಿ! ಡಿಬಾರ್ ಮಾಡಿಬಿಡ್ತೀನಿ!" ಮೇಷ್ಟ್ರು ಹೌಹಾರಿದರು. ತಮ್ಮ ಅಭ್ಯರ್ಥಿಯನ್ನು ತಾವೇ ಹೊರಹಾಕುವ ಗತಿ ಬಂದಿತ್ತು.

ಕಿಟಕಿ ಅಜ್ಜಿಗೆ ಕೈ ನಡುಗುತ್ತಿದ್ದರಿಂದ ಅವರು ಹೇಳಿದ್ದನ್ನು ಬರೆದುಕೊಳ್ಳಲು ಮೇಷ್ಟ್ರ ಹೆಂಡತಿ ಕಿಟಕಿಯ ಹೊರಗೆ ಸ್ಟೂಲು ಹಾಕಿಕೊಂಡು ಕೂತರು. ತಮ್ಮ ಪತ್ರಿಕೆ ಖಾಲಿ ಬಿಟ್ಟರೂ ಅವರ ಪೆನ್ನು ಮಾತ್ರ ನಿಲ್ಲಲೇ ಇಲ್ಲ. ಅಮ್ಮನ ಪತ್ರಿಕೆಯನ್ನು ಮೇಷ್ಟ್ರೇ ಮೇಲೆ ಒಯ್ದು ಕೊಟ್ಟರು.

"ಏನೋ ಇದು, ಈ ವಯಸ್ಸಲ್ಲಿ?" ಎಂದರು ಅಮ್ಮ. "ನಿನಗೆ ಒಂದು ಎರಡು ಕಲಿಸಿದೋಳು ನಾನು."

"ನಿಯಮ ಅಂದರೆ ಎಲ್ಲರಿಗೂ ಒಂದೇ ಅಮ್ಮ. ಬರಿ."

ಹನ್ನೆರಡಕ್ಕೆ ಪತ್ರಿಕೆಗಳನ್ನು ಕಂಕುಳಲ್ಲಿ ಒತ್ತಿಕೊಂಡು ಮೇಷ್ಟ್ರು ಮನೆ ಸೇರಿದರು. ಊಟದ ಮೇಜಿನ ಮೇಲೆ ಮೂವತ್ತೊಂಬತ್ತು ಪತ್ರಿಕೆ. ಕೆಂಪು ಪೆನ್ನಿನ ಮುಚ್ಚಳ ತೆಗೆದಾಗ ಅವರ ಕಣ್ಣಿನಲ್ಲಿ ಹಸಿದವನ ಮುಂದೆ ಎಲೆ ಹಾಕಿದ ಹೊಳಪು. ಹತ್ತು ಪತ್ರಿಕೆ ಮುಗಿಯುವಷ್ಟರಲ್ಲಿ ಆ ಹೊಳಪು ಇಳಿಯಿತು.

ನೀರಿನ ಮುಖ್ಯ ವಾಲ್ವು ಎಲ್ಲಿದೆ? 'ನೀರಿನ ಹತ್ತಿರ.' ಮೆಟ್ಟಿಲಿಗೆ ಎಷ್ಟು ಬಲ್ಬು, ಉರಿಯುವುದೆಷ್ಟು? 'ಕತ್ತಲಲ್ಲಿ ಕಾಣಲಿಲ್ಲ.' ಏಳನೇ ಪ್ರಶ್ನೆ: ನಿಯಮ ಹದಿನಾಲ್ಕು ಏನು ಹೇಳುತ್ತದೆ? ಆರು ವರ್ಷದ ಅಧ್ಯಕ್ಷರಾದ ಹಲ್ಲು ಡಾಕ್ಟರು 'ಹದಿಮೂರರ ನಂತರ ಬರುವ ನಿಯಮ' ಎಂದು ಬರೆದು ಅಡಿಗೆರೆ ಬೇರೆ ಎಳೆದಿದ್ದರು.

ಅಮ್ಮನ ಪತ್ರಿಕೆ ಕೈಗೆ ಬಂತು. ಎಷ್ಟು ಮೆಟ್ಟಿಲು? 'ಬೇಕಾದಷ್ಟು.' ಲಿಫ್ಟು ಕೆಟ್ಟದ್ದು ಯಾವಾಗ? 'ನನ್ನ ಮಂಡಿ ಕೆಟ್ಟ ಮಾರನೇ ತಿಂಗಳು.' ಏಳನೇ ಪ್ರಶ್ನೆ ಖಾಲಿ. ಮೇಷ್ಟ್ರು ಪತ್ರಿಕೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. ಪೆನ್ನು ಎರಡು ಸಲ ಎತ್ತಿದರು, ಎರಡು ಸಲ ಇಳಿಸಿದರು. ಕೊನೆಗೆ ಹತ್ತಕ್ಕೆ ಮೂರು ಎಂದು ಬರೆದು ಸುತ್ತ ದುಂಡಗೆ ಗೆರೆ ಹಾಕಿದರು. ತಪ್ಪಿಗೆ ಅಂಕ ಕೊಡುವ ಜಾಯಮಾನ ಅವರದಲ್ಲ.

ಮೂವತ್ತೆಂಟು ಪತ್ರಿಕೆ ಮುಗಿದವು. ಮೂವತ್ತೆಂಟೂ ಫೇಲು. ಅನೌನ್ಸರಿಗೆ ಐದು, ಡಾಕ್ಟರಿಗೆ ಐದೂವರೆ.

"ರೀ, ಒಂದೆರಡು ಅಂಕ ಕೃಪೆ ತೋರ್ಸಿ ಕೊಟ್ಬಿಡ್ರೀ," ಎಂದರು ಹೆಂಡತಿ.

ಮೇಷ್ಟ್ರು ಆ ಲೆಕ್ಕವನ್ನೂ ಹಾಕಿ ನೋಡಿಯಾಗಿತ್ತು. ಕೆಳಗಿನವರಿಗೆಲ್ಲ ನಾಲ್ಕೂವರೆ, ಐದು ಬಂದಿತ್ತು. ಬಾಗಿಲು ತೆರೆದರೆ ವಾಲ್ವು, ಬಲ್ಬು ಎಲ್ಲ ಕಣ್ಣಿಗೆ ಬೀಳುತ್ತವಲ್ಲ. ಮೇಲಿನವರಿಗೆ ಎರಡು, ಮೂರು. ಲಿಫ್ಟಿಲ್ಲದೆ ಕೆಳಗೆ ಬರುವುದನ್ನೇ ಕಡಿಮೆ ಮಾಡಿದ್ದವರಿಗೆ ಕೆಳಗಿನ ಸಂಗತಿ ಗೊತ್ತಾಗುವುದಾದರೂ ಎಲ್ಲಿಂದ? ಒಂದೆರಡು ಅಂಕ ಸೇರಿಸಿದರೆ ಡಾಕ್ಟರ ಕಡೆಯವರೆಲ್ಲ ಪಾಸು, ಲಿಫ್ಟು ಬೇಕಾದವರೆಲ್ಲ ಫೇಲು.

"ಇನ್ನೊಂದಿದೆ ನೋಡಿ," ಎಂದು ಹೆಂಡತಿ ಕೊನೆಯ ಪತ್ರಿಕೆ ಮುಂದೆ ಸರಿಸಿದರು. "ಕಿಟಕಿ ಅಜ್ಜೀದು."

ಮೆಟ್ಟಿಲು: 'ತೊಂಬತ್ತು. ಮೇಷ್ಟ್ರು ನಲವತ್ತೈದಕ್ಕೆ ಒಂದು ಸಲ ನಿಲ್ಲುತ್ತಾರೆ.' ಬಲ್ಬು: 'ಹನ್ನೆರಡು, ಉರಿಯುವುದು ಏಳು. ಒಂಬತ್ತನೇ ನಂಬರಿನ ಮುಂದಿನದು ಬಡಿದರೆ ಉರಿಯುತ್ತದೆ, ಅದನ್ನು ಯಾವುದಕ್ಕೆ ಸೇರಿಸಲಿ?' ನಿಯಮ ಹದಿನಾಲ್ಕು: 'ಅಧ್ಯಕ್ಷರು ತಮ್ಮ ಮೂರು ವರ್ಷದಲ್ಲಿ ತಮಗಾಗಲಿ ತಮ್ಮ ಮನೆಯವರಿಗಾಗಲಿ ಅನುಕೂಲವಾಗುವ ಯಾವ ದೊಡ್ಡ ಕೆಲಸವನ್ನೂ ಕೈಗೆತ್ತಿಕೊಳ್ಳಬಾರದು. ಹಿಂದೆ ಒಬ್ಬ ಅಧ್ಯಕ್ಷ ತನ್ನ ಬಾಗಿಲ ಮುಂದೆ ಮಾತ್ರ ಕಲ್ಲು ಹಾಸಿಕೊಂಡ, ಆಮೇಲೆ ಈ ನಿಯಮ ಬಂತು. ಅದಕ್ಕೇ ಈ ಸಲ ಮೇಷ್ಟ್ರು ತಾವು ನಿಲ್ಲದೆ ಅನೌನ್ಸರನ್ನು ನಿಲ್ಲಿಸಿದ್ದಾರೆ.'

ಹತ್ತಕ್ಕೆ ಹತ್ತು! ಇಪ್ಪತ್ತೆರಡು ವರ್ಷದಲ್ಲಿ ಮೇಷ್ಟ್ರು ಯಾರಿಗೂ ಹತ್ತಕ್ಕೆ ಹತ್ತು ಕೊಟ್ಟಿರಲಿಲ್ಲ. ಕೆಂಪಿಂಕಿಗೇ ನಾಚಿಕೆಯಾದಂತೆ ಆ ಅಂಕಿ ತೆಳ್ಳಗೆ ಮೂಡಿತು.

ಫಲಿತಾಂಶ ಮೆಟ್ಟಿಲ ಬುಡದ ಗೋಡೆಗೆ ಅಂಟಿಸಿದ ಮೇಲೆ ಕಟ್ಟಡ ಕುದಿಯುವ ಹಾಲಿನಂತೆ ಉಕ್ಕಿತು. ನಲವತ್ತು ಮತದಾರರಲ್ಲಿ ಉಳಿದದ್ದು ಒಬ್ಬರೇ. ಒಬ್ಬರೇ! ಬೈಯುವವರು ಬೈದರು, ನಗುವವರು ನಕ್ಕರು. ಟೈಲರಮ್ಮ ಮಾತ್ರ "ನಾನು ಆಗಲೇ ಹೇಳಿದ್ದೆ" ಎಂದು ಏಳು ಸಲ ಹೇಳಿದರು. ಆಮೇಲೆ ಎಲ್ಲರಿಗೂ ಒಟ್ಟಿಗೇ ಬುದ್ಧಿ ಬಂತು. ಐದು ಗಂಟೆಯೊಳಗೆ ಆ ಒಂದು ಓಟನ್ನು ಒಲಿಸಿಕೊಳ್ಳಬೇಕು.

ಮೂರೂವರೆಗೆ ಕಿಟಕಿಯ ಮುಂದೆ ಸಾಲು ನಿಂತಿತ್ತು. ಹಲ್ಲು ಡಾಕ್ಟರು ಮೊದಲಿಗರು.

"ಅಜ್ಜಿ, ಬಾಯಿ ತೆಗೀರಿ ನೋಡೋಣ. ಹಿಂದಿನ ಆ ಹಲ್ಲು ನೋಯ್ತಿದೆಯಾ? ಈಗಲೇ ಬನ್ನಿ, ಐದು ನಿಮಿಷದ ಕೆಲಸ."

"ನನಗೆ ಹಲ್ಲೇ ಇಲ್ಲವಲ್ಲಪ್ಪ. ಎಲ್ಲ ಕಿತ್ತೋನು ನೀನೇ."

ಆಮೇಲೆ ಅನೌನ್ಸರು ಬಂದು ಎದೆ ಸೆಟೆಸಿ ನಿಂತರು. "ಗೌರವಾನ್ವಿತ ಮತದಾರರ ಗಮನಕ್ಕೆ! ನಿಮ್ಮ ಅಮೂಲ್ಯವಾದ ಮತ..."

"ಮೆಲ್ಲಗೆ ಮಾತಾಡಪ್ಪ. ನಾನು ಇಲ್ಲೇ ಇದ್ದೀನಿ, ಪಕ್ಕದೂರಲ್ಲಿಲ್ಲ."

ನಾಲ್ಕೂವರೆಗೆ ಮೇಷ್ಟ್ರ ಸರದಿ ಬಂತು. ಬೆಳಿಗ್ಗೆಯಿಂದ ಆರು ಸಲ ಹತ್ತಿ ಇಳಿದು ಅವರ ಕಾಲು ಅಂಬಲಿಯಾಗಿತ್ತು. ಕಿಟಕಿಯ ಸರಳು ಹಿಡಿದುಕೊಂಡು ನಿಂತರು.

"ಅಜ್ಜಿ, ಬೆಳಿಗ್ಗೆ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ತಪ್ಪಾಯ್ತು."

"ಎಷ್ಟನೇ ಮೆಟ್ಟಿಲಲ್ಲಿ ಅಂದ್ರಿ ಅನ್ನೋದೂ ಗೊತ್ತು. ಇರಲಿ ಬಿಡಿ."

"ನಮ್ಮಮ್ಮನಿಗೋಸ್ಕರ ಕೇಳ್ತಿದ್ದೀನಿ. ಲಿಫ್ಟ್ ಆಗ್ಲೇಬೇಕು ಅಜ್ಜಿ. ಅನೌನ್ಸರಿಗೆ ಹಾಕಿ."

ಅಜ್ಜಿ ನಿಂತುಹೋದ ಲಿಫ್ಟಿನ ಕಡೆ ಕಣ್ಣು ಹಾಯಿಸಿದರು. "ಲಿಫ್ಟ್ ಓಡ್ತಿದ್ದಾಗ ಒಬ್ಬರೂ ಈ ಕಿಟಕಿ ಹತ್ರ ನಿಂತೋರಲ್ಲ. ಡಬ್ ಅಂತ ಬಾಗಿಲು ಹಾಕ್ಕೊಂಡು ಮೇಲೆ ಹೋಗೋರು. ನಿಮ್ಮಮ್ಮನೂ ಅಷ್ಟೇ. ಅದು ಕೆಟ್ಟ ಮೇಲೇನೇ ನನಗೂ ನಾಲ್ಕು ಜನ ಅಂತ ಆಗಿದ್ದು."

ಅಷ್ಟರಲ್ಲಿ ಮೇಲಿಂದ ಅಮ್ಮನ ಬುಟ್ಟಿ ಓಲಾಡುತ್ತ ಇಳಿದು ಬಂದು ಕಿಟಕಿಯ ಪಕ್ಕ ನಿಂತಿತು. ಅಜ್ಜಿ ಸರಳಿನ ನಡುವೆ ಕೈ ಹಾಕಿ ಅದರಿಂದ ಮಡಿಸಿದ ಪೇಪರು ಎತ್ತಿಕೊಂಡರು.

"ಇದು... ನನ್ನ ಪೇಪರಲ್ವಾ?"

"ಹೂಂ. ನೀವು ಓದಿ ಬಿಸಾಡಿದ್ದನ್ನ ಅವಳು ದಿನಾ ಸಂಜೆ ಕಳಿಸ್ತಾಳೆ. ನಿಮ್ಮ ಕೆಂಪು ಗೆರೆಗಳನ್ನೂ ಸೇರಿಸಿ ಓದ್ತೀನಿ. ಸಂಘದ ನಿಯಮದ ಪುಸ್ತಕ ಕೂಡ ಹೀಗೇ ಬಂತು. ಗೊತ್ತಿರಲಿಲ್ವಾ?"

ಗೊತ್ತಿರುವುದಾದರೂ ಎಲ್ಲಿಂದ, ತಮ್ಮ ಮನೆಯೊಳಗೇ ನಡೆಯುತ್ತಿದ್ದ ಈ ಸಂಗತಿ ಮೇಷ್ಟ್ರ ಕಣ್ಣಿಗೆ ಬಿದ್ದಿರಲಿಲ್ಲ. ಅಜ್ಜಿ ಪೇಪರಿನ ಮಡಿಕೆಯೊಳಗಿಂದ ಏನೋ ಚೀಟಿ ತೆಗೆದು ಓದಿಕೊಂಡು, ಬೊಚ್ಚುಬಾಯಲ್ಲಿ ನಕ್ಕು, ಸೊಂಟಕ್ಕೆ ಸಿಕ್ಕಿಸಿಕೊಂಡರು. "ಹೋಗಿ ಮೇಷ್ಟ್ರೇ. ಯಾರಿಗೆ ಹಾಕಬೇಕು ಅಂತ ಗೊತ್ತಾಯ್ತು."

ಐದಕ್ಕೆ ಸರಿಯಾಗಿ ಓಟು. ಈ ಕಟ್ಟಡದಲ್ಲಿ ನಾಮಪತ್ರ ಗೀಮಪತ್ರ ಎಂಬ ರಗಳೆಯಿಲ್ಲ. ಚೀಟಿಯಲ್ಲಿ ಗೆಲ್ಲಬೇಕಾದವರ ಮನೆ ನಂಬರು ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಿದರೆ ಮುಗಿಯಿತು. ಮೊದಲಿನಿಂದ ನಡೆದುಬಂದದ್ದು ಹಾಗೆ. ಅಜ್ಜಿ ನಡುಗುವ ಕೈಯಲ್ಲಿ ನಂಬರು ಬರೆದು, ನಾಲ್ಕು ಮಡಿಕೆ ಮಾಡಿ, ಸರಳಿನ ನಡುವೆ ಚಾಚಿದ ಡಬ್ಬದೊಳಗೆ ಬಿಟ್ಟರು. ಕಟ್ಟಡಕ್ಕೆ ಕಟ್ಟಡವೇ ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದಿತ್ತು. ಅನೌನ್ಸರು ಚೀಟಿ ಬಿಡಿಸಿ ಗಂಟಲು ಸರಿಮಾಡಿಕೊಂಡರು.

"ದಯವಿಟ್ಟು ಗಮನಿಸಿ! ಚಲಾಯಿತ ಮತಗಳು ಒಂದು. ಗೆದ್ದವರು, ಮನೆ ನಂಬರ್..." ಅವರ ದನಿ ಮೂವತ್ತು ವರ್ಷದಲ್ಲಿ ಮೊದಲ ಸಲ ಒಡೆಯಿತು. "ಹದಿನೆಂಟು!"

ಹದಿನೆಂಟು ಮೇಷ್ಟ್ರ ಮನೆ.

ಹೋ ಎಂದು ಕೂಗು ಎದ್ದಿತು. ಮೇಲಿನ ಮಹಡಿಯವರು ಕುಣಿದರು. ಯಾರೋ ಮೇಷ್ಟ್ರನ್ನು ಎತ್ತಿಯೇಬಿಟ್ಟರು. "ಲಿಫ್ಟ್ ಬಂತು! ಮೇಷ್ಟ್ರು ಗೆದ್ದರು, ಲಿಫ್ಟ್ ಬಂತು!" ಎಂದು ನಾಲ್ಕನೇ ಮಹಡಿಯ ಹೆಂಗಸು ಸಂತೋಷದಿಂದ ಅತ್ತೇಬಿಟ್ಟರು. ಆ ಗಲಾಟೆಯಲ್ಲಿ ಮುಖ ಬಿಳಿಚಿಕೊಂಡಿದ್ದವರು ಒಬ್ಬರೇ, ಗಾಳಿಯಲ್ಲಿ ತೇಲುತ್ತಿದ್ದ ಮೇಷ್ಟ್ರು. ಅಜ್ಜಿಯ ಉತ್ತರ ಬರೆದುಕೊಂಡಿದ್ದ ಹೆಂಡತಿ ಮೇಲೆ ಮನೆಯಲ್ಲಿದ್ದರು; ಕೆಳಗಿದ್ದ ಜನರಲ್ಲಿ ಏಳನೇ ಪ್ರಶ್ನೆಯ ಉತ್ತರ ಗೊತ್ತಿದ್ದದ್ದು ಅವರಿಗೆ ಮತ್ತು ಅಜ್ಜಿಗೆ ಮಾತ್ರ.

ಅಲ್ಲ, ಈಗ ಇನ್ನೊಬ್ಬರಿಗೂ ಗೊತ್ತಿತ್ತು. ಹಲ್ಲು ಡಾಕ್ಟರು ನಿಯಮದ ಪುಸ್ತಕ ಹಿಡಿದು ಮುಂದೆ ಬಂದರು. "ಫೇಲಾದ ಮೇಲೆ ಕೂತು ಓದಿದೆ ಮೇಷ್ಟ್ರೇ. ನಿಮ್ಮ ದಯೆ. ನಿಯಮ ಹದಿನಾಲ್ಕರ ಪ್ರಕಾರ ಇನ್ನು ಮೂರು ವರ್ಷ ಲಿಫ್ಟಿನ ತಂಟೆಗೆ ನೀವು ಹೋಗೋ ಹಾಗಿಲ್ಲ, ಯಾಕಂದ್ರೆ ಅದರಿಂದ ನಿಮ್ಮಮ್ಮನಿಗೆ ಅನುಕೂಲ." ಅವರು ಮೇಷ್ಟ್ರ ಒಂದು ಕೈಗೆ ವಾಲ್ವಿನ ಕೀಲಿ, ಇನ್ನೊಂದು ಕೈಗೆ ದಪ್ಪನೆಯ ದೂರಿನ ಪುಸ್ತಕ ಇಟ್ಟು, ಆರು ವರ್ಷದಲ್ಲೇ ಅತಿ ಸುಂದರವಾದ ನಗು ನಕ್ಕರು.

ಕುಣಿಯುತ್ತಿದ್ದವರು ನಿಂತರು. ಎತ್ತಿದವರು ಮೇಷ್ಟ್ರನ್ನು ದೊಪ್ಪೆಂದು ಇಳಿಸಿದರು.

"ರಾಜೀನಾಮೆ!" ಎಂದು ಕೂಗಿದರು ಮೇಷ್ಟ್ರು. "ಈಗಲೇ ಕೊಟ್ಟೆ! ತಗೊಳ್ಳಿ!"

"ತಗೊಳ್ಳೋಕೆ ಸಭೆ ಒಪ್ಪಬೇಕಲ್ಲ," ಎಂದರು ಡಾಕ್ಟರು. "ಬೆಳಿಗ್ಗೆ ನೀವೇ ಬರೆದಿದ್ದೀರಿ, ಪಾಸಾದೋರು ಮಾತ್ರ ಕೈಯೆತ್ತಬೇಕು ಅಂತ."

ಎಲ್ಲರೂ ಕಿಟಕಿಯತ್ತ ತಿರುಗಿದರು. ಅಜ್ಜಿಯ ಎರಡೂ ಕೈ ಮಡಿಲಲ್ಲಿ ಬೆಚ್ಚಗೆ ಕೂತಿದ್ದವು.

"ಅಜ್ಜಿ!" ಮೇಷ್ಟ್ರು ಸರಳು ಹಿಡಿದು ಅಲುಗಾಡಿಸಿದರು. "ನಿಯಮ ಹದಿನಾಲ್ಕು ಗೊತ್ತಿದ್ದೂ ನನಗೆ ಹಾಕಿದ್ರಲ್ಲ!"

"ಗೊತ್ತಿತ್ತಪ್ಪ. ಹತ್ತಕ್ಕೆ ಹತ್ತು ಕೊಟ್ಟೋರು ನೀವೇ ಅಲ್ವಾ? ಓಟು ನಂದು, ಹಾಕಿದೆ. ಯಾರ ಮಾತು ಕೇಳಿ ಹಾಕಿದೆ ಅನ್ನೋದನ್ನ ಮೇಲೆ ಹೋಗಿ ವಿಚಾರಿಸ್ಕೊಳ್ಳಿ."

ಮೇಷ್ಟ್ರು ತೊಂಬತ್ತು ಮೆಟ್ಟಿಲು ಹತ್ತಿದರು. ಈ ಸಲ ನಲವತ್ತೈದಕ್ಕೂ ನಿಲ್ಲಲಿಲ್ಲ. ಬಾಗಿಲಲ್ಲೇ ಅಮ್ಮ ನಿಂತಿದ್ದರು, ಗೋಡೆ ಹಿಡಿದುಕೊಂಡು, ಮುಖ ತುಂಬ ನಗು. ಕೆಳಗಿನ ಕೂಗು ಮೇಲೆ ಕೇಳಿಸಿತ್ತು, ಆಮೇಲಿನ ಸಣ್ಣ ಮಾತು ಕೇಳಿಸಿರಲಿಲ್ಲ.

"ಬಂದ್ಯಾ ಅಧ್ಯಕ್ಷ? ಹೇಗಿತ್ತು ನನ್ನ ಐಡಿಯಾ? ಬುಟ್ಟೀಲಿ ಚೀಟಿ ಕಳಿಸಿದೋಳು ನಾನೇ ಕಣೋ! 'ನಿನ್ನ ಓಟು ನನ್ನ ಮಗನಿಗೇ ಹಾಕೇ' ಅಂತ ಬರೆದಿದ್ದೆ. ಆ ಅನೌನ್ಸರ್ ಕೈಕಾಲು ಯಾಕೆ ಹಿಡೀಬೇಕು? ನೀನೇ ಅಧ್ಯಕ್ಷ ಆದರೆ ಲಿಫ್ಟ್ ನೀನೇ ಮಾಡಿಸ್ತೀಯಲ್ಲ. ಮೂರು ಅಂಕ ಕೊಟ್ಟೆಯಲ್ಲ ನನಗೆ, ನೋಡು, ಮೂರಂಕದೋಳೇ ನಿನ್ನ ಗೆಲ್ಲಿಸಿದ್ದು!"

ಮೇಷ್ಟ್ರು ಬಾಯಿ ತೆರೆದರು. ಬಾಗಿಲ ಪಕ್ಕದಲ್ಲಿ ಅಮ್ಮನ ಚಪ್ಪಲಿ ಕಣ್ಣಿಗೆ ಬಿತ್ತು. ಹನ್ನೊಂದು ತಿಂಗಳ ಧೂಳು ಒರೆಸಿ, ಜೋಡಿಸಿ ಇಟ್ಟಿದ್ದರು. ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು.

"ನಾಳೆನೇ ಆಗುತ್ತೇನೋ?"

"ಕೆಲಸ... ಸ್ವಲ್ಪ ನಿಧಾನ ಅಮ್ಮ."

"ಆಗಲಿ ಬಿಡು, ಹನ್ನೊಂದು ತಿಂಗಳು ಕಾದೋಳಿಗೆ ಇನ್ನೆರಡು ದಿನ ಹೆಚ್ಚಾ? ಅಂದ ಹಾಗೆ, ಅದೇನೋ ಏಳನೇ ಪ್ರಶ್ನೆ ಖಾಲಿ ಬಿಟ್ಟಿದ್ದೆನಲ್ಲ. ನಿಯಮ ಹದಿನಾಲ್ಕೋ ಏನೋ. ಅದರ ಉತ್ತರ ಏನಪ್ಪ?"

ಕೇಳದೆಯೇ ಉತ್ತರ ಹೇಳುವ ಮೇಷ್ಟ್ರು, ಗೊತ್ತಿದ್ದ ಉತ್ತರವನ್ನು ಅವತ್ತು ಮೊದಲ ಸಲ ಖಾಲಿ ಬಿಟ್ಟರು. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿಯ ದನಿ ಬಂತು.

"ಅಧ್ಯಕ್ಷರೇ, ನಲ್ಲೀಲಿ ನೀರು ನಿಂತುಹೋಗಿದೆ. ಸ್ವಲ್ಪ ಕೆಳಗೆ ಹೋಗಿ ನೋಡ್ತೀರಾ?"

ಮೇಷ್ಟ್ರು ವಾಲ್ವಿನ ಕೀಲಿ ಎತ್ತಿಕೊಂಡು ಇಳಿಯತೊಡಗಿದರು. ಕೆಳಗೆ ಕಿಟಕಿಯೊಳಗಿಂದ ಅಜ್ಜಿ ಎಣಿಸುತ್ತಿದ್ದರು.